ಪುಟ ಕಟ್ಟುವ ಕೆಲಸ

ನಮ್ಮ ವಿಮರ್ಶಕರು ಕವಿತೆಯ ಲಯವನ್ನು ಚರ್ಚಿಸುವರು, ಕಾದಂಬರಿಯ ಪಾತ್ರಗಳನ್ನು ತೂಗಿ ನೋಡುವರು, ಮುನ್ನುಡಿ ಬರೆದವರ ಔದಾರ್ಯವನ್ನೂ ಒಮ್ಮೊಮ್ಮೆ ಕೆಣಕುವರು. ಆದರೆ ಕೃತಿ ಓದುಗನ ಕಣ್ಣಿಗೆ ಬೀಳುವುದು ಪುಟದ ಮೂಲಕ. ಆ ಪುಟದ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಿದರೂ "ಮುದ್ರಣ ಅಂದವಾಗಿದೆ, ಅಲ್ಲಲ್ಲಿ ದೋಷಗಳು ನುಸುಳಿವೆ" ಎಂಬ ಒಂದು ಸಾಲಿನಲ್ಲಿ ವಿಷಯ ಮುಗಿದುಹೋಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆ ಅಚ್ಚಾಗುವ ಪುಸ್ತಕಗಳನ್ನು ಕೆಲವು ಕಾಲದಿಂದ ಕೂಡಿಹಾಕಿಕೊಂಡು ಓದುತ್ತಿರುವ ನನಗೆ ಆ ಒಂದು ಸಾಲು ಸಾಲದೆಂದು ತೋರಿದೆ.

ಈ ಸೀಮೆ ಸಾಹಿತ್ಯಕ್ಕೆ ಬಡವಾದುದಲ್ಲ. ಬೆಟಗೇರಿ ಕೃಷ್ಣಶರ್ಮರು, ಬಸವರಾಜ ಕಟ್ಟೀಮನಿಯವರು ಗೋಕಾಕ ತಾಲೂಕಿನಿಂದ ಬಂದವರು. ಚಂದ್ರಶೇಖರ ಕಂಬಾರರ ಘೋಡಗೇರಿ ಹುಕ್ಕೇರಿ ತಾಲೂಕಿಗೆ ಸೇರಿದ್ದು. ಇವರ ಕೃತಿಗಳನ್ನು ಅಚ್ಚು ಮಾಡಲು ಧಾರವಾಡ, ಬೆಂಗಳೂರುಗಳ ಪ್ರಕಾಶಕರಿದ್ದರು. ಆದರೆ ಊರ ಭಜನೆಯ ಪದಗಳ ಸಂಗ್ರಹ, ಲಾವಣಿಯ ಪುಸ್ತಕ, ತಾಲೂಕಿನ ಇತಿಹಾಸ, ನಿವೃತ್ತ ಶಿಕ್ಷಕರ ಅಭಿನಂದನ ಗ್ರಂಥ ಇವೆಲ್ಲ ಸಿದ್ಧವಾಗುವುದು ಬಸ್ ನಿಲ್ದಾಣದ ಮಗ್ಗುಲಿನ ಡಿ.ಟಿ.ಪಿ. ಅಂಗಡಿಯಲ್ಲಿ. ಅದೇ ಮೇಜಿನ ಮೇಲೆ ಅದೇ ದಿನ ಮದುವೆಯ ಕರೆಯೋಲೆಯೂ ಚುನಾವಣೆಯ ಕರಪತ್ರವೂ ಸಿದ್ಧವಾಗುತ್ತಿರುತ್ತವೆ. ಕೃತಿಗೆ ಬೇರೆ ಸಂಪಾದಕನಿಲ್ಲ. ಪುಟ ಕಟ್ಟುವ ಹುಡುಗನೋ ಹುಡುಗಿಯೋ ಅದರ ಕಡೆಯ ಸಂಪಾದಕ. ಹಲವು ಸಲ ಮೊದಲನೆಯ ಸಂಪಾದಕನೂ ಹೌದು.

ಮೊದಲು ಎಲ್ಲರ ಕಣ್ಣಿಗೂ ಕಾಣುವ ಕೊರತೆಯೊಂದನ್ನು ಹೇಳುತ್ತೇನೆ. ಡೆಮಿ 1/8 ಆಕಾರದಲ್ಲಿ ಒಂದು ಫಾರ್ಮಿಗೆ 16 ಪುಟ. ಪುಸ್ತಕ 132 ಪುಟಕ್ಕೆ ಬಂದರೆ ಕಡೆಯ ನಾಲ್ಕು ಪುಟಗಳಿಗಾಗಿ ಇನ್ನೊಂದು ಫಾರ್ಮಿನ ಖರ್ಚು. ಆದುದರಿಂದ ಅದನ್ನು 128ಕ್ಕೆ ಇಳಿಸುವ ಸಾಹಸ ನಡೆಯುತ್ತದೆ. ಸಾಹಸಕ್ಕೆ ಬಲಿಯಾಗುವುದು ಸಾಲುಗಳ ನಡುವಿನ ಅಂತರ. ಪೇಜ್‌ಮೇಕರ್, ಇನ್‌ಡಿಸೈನ್‌ಗಳು ತಾವಾಗಿಯೇ ಕೊಡುವ ಅಂತರ ಅಕ್ಷರದ ಅಳತೆಯ ನೂರಕ್ಕೆ 120ರಷ್ಟು, ಎಂದರೆ 12 ಪಾಯಿಂಟಿಗೆ 14.4. ಅದು ಇಂಗ್ಲಿಷಿಗೆ ಒಪ್ಪುವ ಲೆಕ್ಕ. ಇಂಗ್ಲಿಷಿನಲ್ಲಿ ಅಕ್ಷರದ ಕೆಳಗೆ ಅಕ್ಷರ ನೇತಾಡುವುದಿಲ್ಲ. ನಮ್ಮಲ್ಲಿ 'ರಾಷ್ಟ್ರ', 'ಸ್ತ್ರೀ' ಎಂದು ಬರೆದರೆ ಒತ್ತಿನ ಕೆಳಗೆ ಮತ್ತೊಂದು ಒತ್ತು ಇಳಿಯುತ್ತದೆ. ಇಳಿದು ಕೆಳಸಾಲಿನ ತಲೆಕಟ್ಟಿಗೆ ತಾಕುತ್ತದೆ. 12 ಪಾಯಿಂಟಿನ ಕನ್ನಡಕ್ಕೆ 17 ಅಥವಾ 18 ಪಾಯಿಂಟಿನ ಸಾಲು ಬೇಕು. ಅದೂ ಸಾಲದೆಂದು ಕೆಲವರು ಅಕ್ಷರದ ಅಗಲವನ್ನೇ ನೂರಕ್ಕೆ 85ಕ್ಕೆ ಹಿಂಡುವರು. ದುಂಡಗಿರಬೇಕಾದ ಕನ್ನಡದ ಅಕ್ಷರ ಆಗ ಗೋಡಂಬಿಯಂತೆ ಕಾಣುತ್ತದೆ. ಗೋಕಾಕದ ಕರದಂಟಿನಲ್ಲಿ ಗೋಡಂಬಿ ಶೋಭಿಸಬಹುದು, ಪುಟದಲ್ಲಿ ಶೋಭಿಸದು. ನಾಲ್ಕು ಪುಟ ಉಳಿಸಲೇಬೇಕಿದ್ದರೆ ಅಭಿಪ್ರಾಯ, ಆಶೀರ್ವಚನ, ಶುಭಸಂದೇಶಗಳಲ್ಲಿ ಎರಡನ್ನು ಬಿಡುವುದು ಲೇಸು.

ಇದು ಕಣ್ಣಿನ ಆಯಾಸದ ಮಾತಾಯಿತು. ಪುಟ ಕಟ್ಟುವಾಗಲೇ ಕೃತಿ ಕೆಡುವುದನ್ನು ನೋಡಬೇಕಾದರೆ ಹಾಡಿನ ಪುಸ್ತಕಗಳನ್ನು ತೆರೆಯಬೇಕು. ಶ್ರೀಕೃಷ್ಣ ಪಾರಿಜಾತ ಈ ನೆಲದ ಆಟ. ಅಪರಾಳ ತಮ್ಮಣ್ಣನ ಹೆಸರಿಗೆ ಸಲ್ಲುವ ಈ ಕೃತಿಯನ್ನು ಕುಲಗೋಡ ತಮ್ಮಣ್ಣ ರಂಗದ ಮೇಲೆ ಬೆಳೆಸಿದ. ಕೌಜಲಗಿ ನಿಂಗಮ್ಮನಂಥವರು ಅದನ್ನು ಊರೂರಿಗೆ ಕೊಂಡೊಯ್ದರು. ಅದರ ಹಾಡುಗಳನ್ನೂ ಅದೇ ಜಾತಿಯ ಪದಗಳನ್ನೂ ಅಚ್ಚು ಮಾಡಿದ ಕಿರುಹೊತ್ತಗೆಗಳಲ್ಲಿ ನಾನು ಮತ್ತೆ ಮತ್ತೆ ಕಂಡ ಒಂದು ಅಭ್ಯಾಸವೆಂದರೆ, ಹಾಡನ್ನು ಪುಟದ ನಟ್ಟನಡುವೆ ನಿಲ್ಲಿಸುವುದು. ಕರೆಯೋಲೆಯಲ್ಲಿ ಗಣಪತಿಯ ಶ್ಲೋಕವನ್ನು ನಿಲ್ಲಿಸುವ ಕ್ರಮವೇ ಇಲ್ಲಿಗೂ ನಡೆದುಬಂದಿದೆ. ನೋಡಲು ಚೆಂದವಾಗಿದೆಯೆಂದು ಯಾರಾದರೂ ಹೇಳಿಯಾರು. ಆದರೆ ನಮ್ಮ ಪದ್ಯದ ಪ್ರಾಸ ಎಲ್ಲಿರುತ್ತದೆ? ಸಾಲಿನ ಆದಿಯಲ್ಲಿ, ಎರಡನೆಯ ಅಕ್ಷರದಲ್ಲಿ. ಸಾಲುಗಳನ್ನು ಎಡದ ಅಂಚಿಗೆ ಸೇರಿಸಿ ಹೊಂದಿಸಿದರೆ ಆ ಎರಡನೆಯ ಅಕ್ಷರಗಳು ಒಂದರ ಕೆಳಗೊಂದು ಸರಿಸುಮಾರು ಕಂಬದಂತೆ ನಿಲ್ಲುತ್ತವೆ. ಹಾಡುವವನ ಕಣ್ಣಿಗೆ ಅದೇ ಊರುಗೋಲು. ನಡುವೆ ನಿಲ್ಲಿಸಿದಾಗ ಚಿಕ್ಕ ಸಾಲು ಒಳಗೆ ಸರಿದು ದೊಡ್ಡ ಸಾಲು ಹೊರಗೆ ಚಾಚಿ ಪ್ರಾಸ ಚದುರಿಹೋಗುತ್ತದೆ. ಕವಿ ಕಟ್ಟಿದ್ದನ್ನು ಪುಟ ಬಿಚ್ಚಿಹಾಕುತ್ತದೆ.

ಸಾಲು ಉದ್ದವಾಗಿ ಕಡೆಯ ಪದ ಕೆಳಗಿಳಿದಾಗ ಇನ್ನೊಂದು ಅನಾಹುತ. ಇಳಿದ ತುಂಡನ್ನು ಒಳಕ್ಕೆ ಸರಿಸಿ ಕೂರಿಸದಿದ್ದರೆ ಓದುಗ ಅದನ್ನೇ ಹೊಸ ಸಾಲೆಂದು ಎಣಿಸುವನು. ಮಾತ್ರೆಯ ಲೆಕ್ಕ ಹಾಕುವ ವಿದ್ಯಾರ್ಥಿ ಇಲ್ಲದ ಛಂದೋಭಂಗವನ್ನು ಕವಿಯ ತಲೆಗೆ ಕಟ್ಟುವನು. ಇನ್ನು ಪಾರಿಜಾತದಲ್ಲಿ ಹಾಡಿನ ನಡುವೆ ಭಾಗವತ ಬಾಯಿ ಹಾಕುತ್ತಾನೆ, ಸತ್ಯಭಾಮೆ ಮಾತಿನಲ್ಲಿ ಉತ್ತರಿಸುತ್ತಾಳೆ, ಮತ್ತೆ ಹಿಮ್ಮೇಳ ಪಲ್ಲವಿಯನ್ನು ಎತ್ತಿಕೊಳ್ಳುತ್ತದೆ. ಎಲ್ಲವನ್ನೂ ಒಂದೇ ಅಕ್ಷರದಲ್ಲಿ ಒಂದೇ ಅಂಚಿಗೆ ಸುರಿದರೆ ಹಾಡು ಎಲ್ಲಿ ನಿಂತಿತು, ಮಾತು ಎಲ್ಲಿ ತೊಡಗಿತು ಎಂಬುದು ಆಟ ನೋಡಿದವನಿಗೆ ಮಾತ್ರ ಗೊತ್ತಾದೀತು. ಉಪಾಯ ಕಷ್ಟದ್ದಲ್ಲ. ಪದ, ಮಾತು, ರಂಗಸೂಚನೆ ಎಂದು ಮೂರು 'ಸ್ಟೈಲ್'ಗಳನ್ನು ಮೊದಲೇ ಮಾಡಿಟ್ಟುಕೊಂಡರೆ ಇಡೀ ಪುಸ್ತಕ ಅವುಗಳಲ್ಲಿ ತಾನಾಗಿ ಕೂರುತ್ತದೆ. ಆಮೇಲೆ ಒಂದು ಕಡೆ ಬದಲಿಸಿದರೆ ಎಲ್ಲ ಕಡೆಯೂ ಬದಲಾಗುತ್ತದೆ. ಅದರ ಬದಲು ಸ್ಪೇಸ್ ಕೀಲಿಯನ್ನು ಹತ್ತು ಸಲ ಒತ್ತಿ ಸಾಲನ್ನು ಒಳಕ್ಕೆ ದೂಡುವ ಪದ್ಧತಿ ನಡೆದಿದೆ. ಪುಟದ ಅಳತೆ ಅರ್ಧ ಇಂಚು ಬದಲಾದರೆ ಆ ಕಟ್ಟಡವೆಲ್ಲ ಕುಸಿಯುತ್ತದೆ. ರಂಗಸೂಚನೆಯನ್ನು ಓರೆ ಮಾಡುವುದೂ ಇಂಗ್ಲಿಷಿನಿಂದ ಬಂದ ಚಾಳಿ. ಕನ್ನಡ ಅಚ್ಚಿಗೆ ಓರೆ ಅಕ್ಷರದ ಸಂಪ್ರದಾಯವಿಲ್ಲ. ಯಂತ್ರ ನೆಟ್ಟಗಿನ ಅಕ್ಷರವನ್ನೇ ಹಿಡಿದು ವಾಲಿಸುತ್ತದೆ. ಒಂದು ಅಳತೆ ಚಿಕ್ಕದಾಗಿಸಿ ಆವರಣದಲ್ಲಿ ಹಾಕಿದರೆ ಸಾಕು.

'ಮ್ಯಾಲ' ಎಂದು ಹಸ್ತಪ್ರತಿಯಲ್ಲಿದ್ದುದು 'ಮೇಲೆ' ಆಗುವುದು, 'ಬ್ಯಾಡ' ಎಂಬುದು 'ಬೇಡ' ಆಗುವುದು ಕೂಡ ಈ ಮೇಜಿನ ಮೇಲೆಯೇ. ತಿದ್ದಿದವರು ಪುಟ ಕಟ್ಟುವವರೋ ಕರಡು ನೋಡಿದ ಮಾಸ್ತರರೋ ಹೇಳಲಾಗದು. ಈ ಸೀಮೆಯ ಮಾತಿನಲ್ಲೇ ಬರೆದ ಕಂಬಾರರಿಗೆ 2010ರ ಜ್ಞಾನಪೀಠ ಬಂದ ಮೇಲೂ ಹುಕ್ಕೇರಿಯಲ್ಲಿ ಕುಳಿತು ಹುಕ್ಕೇರಿಯ ಮಾತನ್ನು ತಪ್ಪೆಂದು ತಿದ್ದುವುದು ವಿಚಿತ್ರ.

ಕಾಗದದ ಮೇಲೆ ಕಾಣದ ಇನ್ನೊಂದು ವಿಷಯವಿದೆ. ನನಗೆ ಅದರದೇ ಹೆಚ್ಚು ಚಿಂತೆ. ಕನ್ನಡ ಗಣಕಕ್ಕೆ ಬಂದ ಮೊದಲ ದಿನಗಳಲ್ಲಿ ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕೂರಿಸಬೇಕಾಯಿತು. 1998ರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಪುಣೆಯ ಶ್ರೀಲಿಪಿ ಹೀಗೆಯೇ ಕೆಲಸ ಮಾಡಿದವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮದಿಂದ ಸಾವಿರಾರು ಜನ ಸಲೀಸಾಗಿ ಬೆರಳಚ್ಚು ಕಲಿತರು; ಆ ಉಪಕಾರ ದೊಡ್ಡದು. ಆದರೆ ಹಳೆಯ ಫಾಂಟಿನಲ್ಲಿ ಹೊಂದಿಸಿದ ಪುಟ ನಮಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಇಂಗ್ಲಿಷಿನ ಗೊಂದಲವಷ್ಟೆ. ಇಂಗ್ಲಿಷಿನ ಪದ ಒಡೆಯುವ ನಿಯಮವನ್ನು ನಿಲ್ಲಿಸಲು ಮರೆತರೆ ದೀರ್ಘವೊಂದೇ ಕಳಚಿ ಕೆಳಸಾಲಿಗೆ ಹೋಗುತ್ತದೆ. ಅಂಥ ಕಡತದಲ್ಲಿ 'ಪಾರಿಜಾತ' ಎಂದು ಯೂನಿಕೋಡಿನಲ್ಲಿ ಬರೆದು ಹುಡುಕಿದರೆ, ಪುಟ ಪುಟದಲ್ಲೂ ಆ ಪದವಿದ್ದರೂ ಒಂದೂ ಸಿಗುವುದಿಲ್ಲ.

ಪೇಜ್‌ಮೇಕರಿನ ಕಡೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದರ ಕಡತಗಳನ್ನು ತೆರೆಯುವ ಶಕ್ತಿ ಇನ್‌ಡಿಸೈನಿಗೆ ಸಿ.ಎಸ್.6ರವರೆಗೆ ಮಾತ್ರ ಇತ್ತು. ಅನಂತರದ ಆವೃತ್ತಿಗಳಿಗೆ ಇಲ್ಲ. ಎಂದರೆ 2003ರಲ್ಲಿ ಒಬ್ಬ ಮುದುಕ ಭಜನೆಕಾರರ ಬಾಯಿಂದ ಬರೆದುಕೊಂಡು ಹೊಂದಿಸಿದ ಪದಗಳು, ಆ ಹಳೆಯ ಗಣಕ ಗುಜರಿಗೆ ಹೋದ ದಿನ, ಅಚ್ಚಾದ ಐನೂರು ಪ್ರತಿಗಳಲ್ಲಿ ಉಳಿದಷ್ಟೆ. ಮರುಮುದ್ರಣಕ್ಕೆ ಮತ್ತೆ ಮೊದಲಿನಿಂದ ಬೆರಳಚ್ಚಾಗಬೇಕು. ಹೊಸ ಬೆರಳಚ್ಚಿನೊಡನೆ ಹೊಸ ತಪ್ಪು. ಹಾಡಿದವರು ತೀರಿಕೊಂಡಿದ್ದರೆ ಯಾವುದು ಸರಿಯೆಂದು ಹೇಳುವವರು ಯಾರು? ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳು ಬಿಟ್ಟಿಯಾಗಿ ಸಿಗುತ್ತವೆ. ಅರ್ಕಾವತ್ತು, ದೀರ್ಘಗಳಲ್ಲಿ ಅವು ಎಡವುವುದುಂಟು. ತಿರುಗಿಸಿದ ಮೇಲೆ ಒಂದು ಕರಡು ಓದಲೇಬೇಕು. ಯೂನಿಕೋಡಿನಲ್ಲಿ ಒತ್ತು ಕಳಚುತ್ತದೆಂಬ ಅಂಗಡಿಯವರ ಹಳೆಯ ದೂರಿಗೆ ಈಗ ಅರ್ಥವಿಲ್ಲ. 2012ರ ಸಿ.ಎಸ್.6ರಿಂದಲೇ 'ವರ್ಲ್ಡ್-ರೆಡಿ ಕಂಪೋಸರ್' ಆರಿಸಿಕೊಂಡರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಹಣ ಕೊಡಲಾರದವರಿಗೆ ಸ್ಕ್ರೈಬಸ್ ಇದೆ, 2017ರ 1.5.3ರಿಂದ ಅದೂ ಭಾರತೀಯ ಲಿಪಿಗಳನ್ನು ಬಲ್ಲದು.

ಇಷ್ಟು ಹೇಳಿದ್ದರಿಂದ ತಪ್ಪೆಲ್ಲ ಅಂಗಡಿಯವರದೆಂದು ಓದುಗರು ತಿಳಿಯಬಾರದು. ಅವರಿಗೆ ಕೂಲಿ ಪುಟದ ಲೆಕ್ಕದಲ್ಲಿ. ಪ್ರಾಸ ಕಾಯ್ದದ್ದಕ್ಕೆ ಬೇರೆ ಕೂಲಿಯಿಲ್ಲ. ಲೇಖಕ ಮಹಾಶಯರು ಸೋಮವಾರ ನೋಟುಬುಕ್ಕು ತಂದು ಮುಂದಿನ ಭಾನುವಾರಕ್ಕೆ ಬಿಡುಗಡೆಯ ಮುಹೂರ್ತ ಇಟ್ಟಿರುತ್ತಾರೆ. ಕರಡಿಗಿಂತ ಮುಖಪುಟದ ತಮ್ಮ ಭಾವಚಿತ್ರದ ಮೇಲೆ ಅವರ ಗಮನ. ಮೂಡಲಗಿಯ ಕಡೆಯ ಒಂದು ತತ್ತ್ವಪದಗಳ ಪುಸ್ತಕದಲ್ಲಿ ಪ್ರತಿ ಪದವೂ ಎಡದ ಅಂಚಿನಲ್ಲಿ ನಿಂತು, ಪಲ್ಲವಿ ಬೇರೆಯಾಗಿ ಕಂಡು, ಒಂದು ಪದ ಎರಡು ಪುಟಕ್ಕೆ ಹರಿಯದಂತೆ ನೋಡಿಕೊಂಡದ್ದನ್ನು ಕಂಡು ಸಂತೋಷಪಟ್ಟೆ. ಅಗ್ಗದ ಕಾಗದ, ಒಂದೇ ಬಣ್ಣ. ಪುಟ ಕಟ್ಟಿದವರಿಗೆ ಹಾಡು ಬರುತ್ತಿತ್ತೆಂದು ಧೈರ್ಯವಾಗಿ ಹೇಳಬಲ್ಲೆ.

ಲೇಖಕರು ಹಸ್ತಪ್ರತಿ ಕೊಟ್ಟೊಡನೆ ಇಡೀ ಪುಸ್ತಕ ಹೊಂದಿಸಲು ಬಿಡದೆ, ಒಂದು ಹಾಡು, ಒಂದು ಸಂಭಾಷಣೆ, ಒಂದು ಗದ್ಯಭಾಗವಿರುವ ನಾಲ್ಕು ಪುಟಗಳನ್ನು ಮೊದಲು ಕಟ್ಟಿಸಿ, ಅಚ್ಚಿನ ಅಳತೆಯಲ್ಲೇ ಕಾಗದದ ಮೇಲೆ ತೆಗೆಸಿ ನೋಡಲಿ. ಪುಸ್ತಕದ ಮೊದಲ ಪುಟಗಳಲ್ಲಿ ಅಕ್ಷರ ಜೋಡಿಸಿದವರ ಹೆಸರಿನೊಡನೆ ಫಾಂಟಿನ ಹೆಸರು, ಅದು ಯೂನಿಕೋಡೋ ಅಲ್ಲವೋ ಎಂಬುದು, ಕಡತ ಯಾರಲ್ಲಿದೆಯೆಂಬುದು ಅಚ್ಚಾಗಲಿ. ಹಣ ಚುಕ್ತಾ ಮಾಡುವ ದಿನವೇ ಆ ಕಡತದ ಒಂದು ಪ್ರತಿಯನ್ನು ಲೇಖಕರು ಮನೆಗೆ ತರಲಿ.