ಕಾಣಬಾರದ ಕೈಚಳಕ

ಇಸ್ಪೀಟಿನ ಪುಸ್ತಕಕ್ಕೂ ಒಂದು ವಿಮರ್ಶೆಯೇ ಎಂದು ನಮ್ಮ ಹಿರಿಯರು ಹುಬ್ಬೇರಿಸಬಹುದು. ಆದರೆ 1902ರಲ್ಲಿ ಷಿಕಾಗೋದಲ್ಲಿ ಪ್ರಕಟವಾದ ‘ದಿ ಎಕ್ಸ್‌ಪರ್ಟ್ ಅಟ್ ದಿ ಕಾರ್ಡ್ ಟೇಬಲ್’ ಇಂದಿಗೂ ಅಚ್ಚಿನಲ್ಲಿದೆ, ಜಾದೂಗಾರರ ಕೈಯಲ್ಲಿದೆ. ಲೇಖಕನ ಹೆಸರು ಎಸ್. ಡಬ್ಲ್ಯು. ಎರ್ಡ್ನೇಸ್ ಎಂದಿದೆ, ಅದು ಇಟ್ಟುಕೊಂಡ ಹೆಸರು. ನಿಜವಾದ ಆಸಾಮಿ ಯಾರೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ತನಗೆ ಹಣ ಬೇಕಾಗಿದೆ, ಅದಕ್ಕಾಗಿಯೇ ಬರೆದೆ ಎಂದು ಮುನ್ನುಡಿಯಲ್ಲಿ ಆತ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ. ಲೋಕಕಲ್ಯಾಣದ ಸೋಗಿನ ಮುನ್ನುಡಿಗಳಿಂದ ಬೇಸತ್ತವರಿಗೆ ಇದೇ ಒಂದು ಸಮಾಧಾನ.

ಮೊದಲ ಭಾಗ ಜೂಜಿನ ಮೇಜಿನದು, ಎರಡನೆಯದು ಜಾದುವಿನದು. ತೂಕವಿರುವುದು ಮೊದಲನೆಯದರಲ್ಲೇ. ಮೇಲಿನ ಎಲೆ ಹಂಚಿದಂತೆ ತೋರಿಸಿ ಅಡಿಯ ಎಲೆ ಹಂಚುವುದು, ಇಲ್ಲವೆ ಮೇಲಿನದನ್ನು ಉಳಿಸಿಕೊಂಡು ಎರಡನೆಯದನ್ನು ಕೊಡುವುದು: ಇವುಗಳ ಗುಟ್ಟು ತಿಳಿಯಲು ಐದು ನಿಮಿಷ ಸಾಕು. ಕಾಣದಂತೆ ಮಾಡುವುದಕ್ಕೆ ವರ್ಷಗಳು ಬೇಕು. ಎರ್ಡ್ನೇಸ್ ಹೇಳುವ ಸೂತ್ರ ಏಕರೂಪತೆ. ಮೋಸದ ಎಲೆ ಹಂಚುವಾಗ ಕೈ ಹೇಗಿರಬೇಕೋ, ಪ್ರಾಮಾಣಿಕವಾಗಿ ಹಂಚುವಾಗಲೂ ಹಾಗೆಯೇ ಇರಬೇಕು. ಅಂದರೆ ನಿಜವನ್ನೇ ಮೊದಲಿನಿಂದ ಸುಳ್ಳಿನ ಅಚ್ಚಿಗೆ ಎರಕ ಹೊಯ್ದಿಟ್ಟುಕೊಳ್ಳಬೇಕು! ನಮ್ಮ ಹವ್ಯಾಸಿ ನಾಟಕದವರೂ ಯೋಚಿಸಬೇಕಾದ ಮಾತಿದು.

ಅಡಿಯ ಎಲೆ ಬರುವಾಗ ಸದ್ದು ತುಸು ಬದಲಾಗುತ್ತದೆ. ಎಡಗೈಯ ಬೆರಳೊಂದು ಮಿಸುಕುತ್ತದೆ. ಲಯ ಒಂದು ಮಾತ್ರೆ ತಪ್ಪುತ್ತದೆ. ಹಂಚುವವನ ಕಣ್ಣು ತನ್ನ ಕೈಯ ಕಡೆಗೇ ಓಡುತ್ತದೆ. ಇದನ್ನೆಲ್ಲ ವೇಗದಿಂದ ಮುಚ್ಚಹೊರಟವನು ಕೆಟ್ಟ. ಮುಂಬಯಿಯ ಲೋಕಲ್ ಗಾಡಿಯಲ್ಲಿ ತೊಡೆಯ ಮೇಲೆ ಬ್ರೀಫ್‌ಕೇಸ್ ಇಟ್ಟು ರಮ್ಮಿಯಾಡುವವರನ್ನು ನೋಡಿದ್ದೀರಲ್ಲ? ಹರಟುತ್ತ, ಆಗೊಮ್ಮೆ ಈಗೊಮ್ಮೆ ಎಲೆ ಬೀಳಿಸುತ್ತ ಹಂಚುತ್ತಾರೆ. ಅವರ ನಡುವೆ ಮಿಂಚಿನಂತೆ ಹಂಚುವವನೊಬ್ಬ ಬಂದು ಕೂತರೆ, ಅವನು ಸತ್ಯವಂತನೇ ಆಗಿದ್ದರೂ ಎಲ್ಲರ ಕಣ್ಣೂ ಅವನ ಕೈ ಮೇಲೆಯೇ. ಶಕುನಿ ತುಂಬಿದ ಸಭೆಯಲ್ಲಿ ಆಟದ ಮೇಲೆ ಆಟ ಗೆದ್ದ. ಎರ್ಡ್ನೇಸನ ಶಿಷ್ಯನಾಗಿದ್ದರೆ ನಡುನಡುವೆ ನಾಲ್ಕು ಸೋತಿರುತ್ತಿದ್ದ.

ಈಗಿನ ತರುಣರ ವಿಡಿಯೋಗಳಲ್ಲಿ ಕಾಣುವುದು ಎರಡು ಕೈ ಮಾತ್ರ, ಮುಖವಿಲ್ಲ, ಎದುರಾಳಿಯಿಲ್ಲ. ಅದು ಗರಡಿಯ ಸಾಮು, ಕುಸ್ತಿಯಲ್ಲ. ಈ ದೋಷದ ಬೀಜ ಪುಸ್ತಕದಲ್ಲೂ ಇದೆಯೆಂದೇ ನನ್ನ ಆಕ್ಷೇಪ. ಜೂಜಿನ ಭಾಗದಲ್ಲಿ ಬೆರಳಿಗೆ ಸಿಕ್ಕಷ್ಟು ಪುಟಗಳು ಕಣ್ಣಿಗೂ ಮಾತಿಗೂ ಸಿಕ್ಕಿಲ್ಲ. ಇನ್ನು, ಸಂಬಳವನ್ನೆಲ್ಲ ಸೋತು ಎದ್ದುಹೋದವನ ಮನೆಯಲ್ಲಿ ಆ ರಾತ್ರಿ ಏನಾಯಿತೆಂಬುದು ಲೇಖಕನಿಗೆ ಸಂಬಂಧವೇ ಇಲ್ಲ. ಪರವೂರಿನಲ್ಲಿ ದುಡಿಯುವ ನಾವು ಈ ಮೌನವನ್ನು ಅಷ್ಟು ಸುಲಭವಾಗಿ ದಾಟಿಹೋಗಲಾರೆವು.

ಆದರೂ ಕಸುಬಿನ ವಿಷಯದಲ್ಲಿ ಮನುಷ್ಯ ಸತ್ಯವಂತ. ಎದುರಾಳಿ ಕಟ್ಟನ್ನು ಕತ್ತರಿಸಿಟ್ಟರೆ ಅಡಿಯಲ್ಲಿ ಸೇರಿಸಿಟ್ಟ ಎಲೆಗಳು ನಡುವಿಗೆ ಹೋಗುತ್ತವೆ. ಕಟ್ಟನ್ನು ಗುಟ್ಟಾಗಿ ಮೊದಲಿನಂತೆ ಮಾಡುವ ಉಪಾಯಗಳನ್ನು ವಿವರಿಸಿದ ಮೇಲೂ, ಮೇಜಿನ ಮಾಮೂಲು ಚಲನೆಯಂತೆ ಕಾಣುವ ಉಪಾಯ ಇನ್ನೂ ಹುಟ್ಟಿಲ್ಲವೆಂದು ತಾನೇ ಒಪ್ಪಿಕೊಳ್ಳುತ್ತಾನೆ. ತನ್ನ ಸರಕಿನ ಹುಳುಕನ್ನು ತಾನೇ ತೋರಿಸುವ ವ್ಯಾಪಾರಿ ಎಷ್ಟು ಮಂದಿ?

ಈ ಪುಸ್ತಕವನ್ನು ಬಾಲ್ಯದಲ್ಲೇ ಅರೆದು ಕುಡಿದ ಕೆನಡಾದ ಡೈ ವರ್ನನ್ (1894–1992), ಜಾದೂಗಾರರಿಗೆ ಜೀವನವಿಡೀ ಬೋಧಿಸಿದ್ದು ಸಹಜತೆಯನ್ನೇ. ಕಟ್ಟಿನ ನಟ್ಟನಡುವಿನಿಂದಲೇ ಎಲೆ ಹಂಚುವ ಒಬ್ಬನಿದ್ದಾನೆಂದು 1932ರಲ್ಲಿ ವಿಚಿಟಾದ ಜೈಲಿನ ಕೈದಿಯೊಬ್ಬನಿಂದ ಕೇಳಿ, ಆತ ಹುಡುಕುತ್ತ ಹೊರಟ. ಮಿಸೌರಿಯ ಪ್ಲೆಸೆಂಟ್ ಹಿಲ್ ಎಂಬ ಸಣ್ಣ ಊರಿನಲ್ಲಿ ಸಿಕ್ಕಿದವನು ಆಲೆನ್ ಕೆನಡಿ. ಎದುರಾಳಿ ಕತ್ತರಿಸಿದ ಕಟ್ಟನ್ನು ಮತ್ತೆ ಸರಿಪಡಿಸುವ ಗೋಜೇ ಅವನಿಗಿರಲಿಲ್ಲ; ಕತ್ತರಿಸಿದ ಜಾಗದಿಂದಲೇ ಹಂಚುತ್ತಿದ್ದ.