ಹಿಗ್ಗಿನ್ಸ್ ಭಾಗವತರ ಕನ್ನಡ

ನಮ್ಮ ಕಾಸರಗೋಡಿನ ಕಡೆ ‘ಭಾಗವತರು’ ಎಂದರೆ ಜಾಗಟೆ ಹಿಡಿದು ಆಟ ಆಡಿಸುವವರು. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ಅದೇ ಮಾತು ಚೆಂಬೈ ವೈದ್ಯನಾಥ ಭಾಗವತರಂತಹ ಹಾಡುಗಾರರಿಗೆ ಸಲ್ಲುತ್ತದೆ. ಈ ಎರಡು ಬಳಗಕ್ಕೂ ಸೇರದ ಒಬ್ಬರಿಗೆ ದಕ್ಷಿಣದ ರಸಿಕರು ಪ್ರೀತಿಯಿಂದ ಆ ಹೆಸರು ಕೊಟ್ಟರು. ಅವರು ಅಮೆರಿಕದ ಜಾನ್ ಹಿಗ್ಗಿನ್ಸ್.

ಹಿಗ್ಗಿನ್ಸ್ ಹುಟ್ಟಿದ್ದು 1939ರಲ್ಲಿ, ಮ್ಯಾಸಚುಸೆಟ್ಸ್ ರಾಜ್ಯದ ಆಂಡೋವರಿನಲ್ಲಿ. ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಮತ್ತು ಇತಿಹಾಸ ಓದಿ 1962ರಲ್ಲಿ ಪದವಿ ಪಡೆದರು. ಕರ್ನಾಟಕ ಸಂಗೀತಕ್ಕೆ ಅವರನ್ನು ಒಲಿಸಿದವರು ವೀಣೆ ಧನಮ್ಮಾಳ್ ಅವರ ಮೊಮ್ಮಕ್ಕಳು: ಮೃದಂಗದ ಟಿ. ರಂಗನಾಥನ್ ಮತ್ತು ಕೊಳಲಿನ ಟಿ. ವಿಶ್ವನಾಥನ್. ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಮದರಾಸಿಗೆ ಬಂದು ಕಲಿತರು; ತಿರುವಯ್ಯಾರಿನ ತ್ಯಾಗರಾಜ ಆರಾಧನೆಯಲ್ಲಿ ಹಾಡಿದರು. ಇವರಿಬ್ಬರ ಅಕ್ಕ, ಭರತನಾಟ್ಯದ ಬಾಲಸರಸ್ವತಿಯವರ ಬಳಿ ನೃತ್ಯಸಂಗೀತವನ್ನು ಅಭ್ಯಾಸ ಮಾಡಿ, ಆ ವಿಷಯದ ಮೇಲೆಯೇ ಪ್ರಬಂಧ ಬರೆದು 1973ರಲ್ಲಿ ಡಾಕ್ಟರೇಟ್ ಪಡೆದರು. ಅಷ್ಟರಲ್ಲಿ ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ತಿರುಚ್ಚಿ ಶಂಕರನ್ ಅವರೊಂದಿಗೆ ಭಾರತೀಯ ಸಂಗೀತದ ಪಾಠಕ್ರಮಕ್ಕೆ ಬುನಾದಿ ಹಾಕಿದ್ದರು. 1978ರಲ್ಲಿ ಪ್ರಾಧ್ಯಾಪಕರಾಗಿ ವೆಸ್ಲಿಯನ್ನಿಗೆ ಮರಳಿದರು. 1984ರ ಡಿಸೆಂಬರ್ 7ರಂದು ನಾಯಿಯೊಂದಿಗೆ ಅಡ್ಡಾಡಲು ಹೋಗಿದ್ದಾಗ ವಾಹನವೊಂದು ಢಿಕ್ಕಿ ಹೊಡೆದು, ನಿಲ್ಲಿಸದೆ ಹೋಯಿತು. ಆಗ ಅವರಿಗೆ ವಯಸ್ಸು ಬರೇ ನಲವತ್ತೈದು. ಗುರು ಬಾಲಸರಸ್ವತಿ ತೀರಿಕೊಂಡದ್ದೂ ಅದೇ ವರ್ಷದ ಫೆಬ್ರವರಿಯಲ್ಲಿ.

ಅವರ ‘ಎಂದರೋ ಮಹಾನುಭಾವುಲು’ ಕೀರ್ತನೆಯನ್ನು ಮೆಚ್ಚದವರಿಲ್ಲ. ಆದರೆ ಕನ್ನಡದ ಕಿವಿ ನಿಲ್ಲುವುದು ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ದೇವರನಾಮದಲ್ಲಿ. ಯಮುನಾ ಕಲ್ಯಾಣಿ ರಾಗದ ಈ ಪದ ಬಾಲಸರಸ್ವತಿಯವರ ಅಭಿನಯದಿಂದ ಪ್ರಸಿದ್ಧವಾಯಿತು. ಸತ್ಯಜಿತ್ ರಾಯ್ 1976ರಲ್ಲಿ ತೆಗೆದ ‘ಬಾಲಾ’ ಚಿತ್ರದಲ್ಲಿ ಅವರು ಕಡಲ ದಂಡೆಯಲ್ಲಿ ಇದನ್ನೇ ಆಡಿದ್ದಾರೆ. ಅಂದರೆ ಉಡುಪಿಯ ಕೃಷ್ಣನನ್ನು ಕರೆಯುವ ಕನ್ನಡ ಪದವೊಂದು ತಮಿಳು ಮನೆತನದ ಕಂಠದಲ್ಲಿ ಬೆಳೆದು, ಅಲ್ಲಿಂದ ಅಮೆರಿಕದವನ ಕಂಠಕ್ಕೆ ಹೋಯಿತು.

ಅವರ ಹಾಡಿಕೆಯ ಗುಣ ಮುಖ್ಯವಾಗಿ ನಿಧಾನದಲ್ಲಿದೆ. ಧನಮ್ಮಾಳ್ ಪರಂಪರೆಗೆ ಅವಸರವಿಲ್ಲ. ಗಮಕ ತಾನಾಗಿ ತೂಗುವಷ್ಟು ಹೊತ್ತು ಸ್ವರ ಕಾಯುತ್ತದೆ. ಇನ್ನೊಂದು ಗುಣ ಉಚ್ಚಾರದ್ದು. ಇಂಗ್ಲಿಷ್ ತಾಯ್ನುಡಿಯವರ ಬಾಯಲ್ಲಿ ನಮ್ಮ ‘ಏ’ಕಾರದ ಕೊನೆಗೆ ಒಂದು ಯಕಾರ, ‘ಓ’ಕಾರದ ಕೊನೆಗೆ ಒಂದು ವಕಾರ ಅಂಟಿಕೊಳ್ಳುವುದು ಸಹಜ. ‘ಬೇಗನೆ’, ‘ಬಾರೋ’ ಎಂಬ ಎರಡು ಮಾತುಗಳಲ್ಲೇ ಆ ಅಪಾಯವಿದೆ. ಹಿಗ್ಗಿನ್ಸರಲ್ಲಿ ನನ್ನ ಕಿವಿಗೆ ಆ ಅಂಟು ಕೇಳಿಸುವುದಿಲ್ಲ. ಕೊರತೆಯೂ ಉಂಟು. ಗುರುಮುಖದಿಂದ ಬಂದದ್ದನ್ನು ಕೆಡಿಸಬಾರದೆಂಬ ಎಚ್ಚರ ಕೆಲವೊಮ್ಮೆ ಅತಿಯಾಗಿ, ಪದದೊಳಗಿನ ತಾಯಿಯ ಹುಸಿಮುನಿಸು ಸ್ವಲ್ಪ ಮಸುಕಾಗುತ್ತದೆ. ಮಗುವನ್ನು ಕರೆಯುವ ತಾಯಿಗಿಂತ ದೇವರಿಗೆ ಕೈಮುಗಿದ ಭಕ್ತನೇ ಅವರ ಹಾಡಿನಲ್ಲಿ ಹೆಚ್ಚು.

ಅವರ ಬಗ್ಗೆ ಜನ ಹೇಳುವ ಒಂದು ಕತೆಯಿದೆ. ಉಡುಪಿಯಲ್ಲಿ ಬಿಳಿಯನೆಂದು ಒಳಗೆ ಬಿಡದಿದ್ದಾಗ ಹೊರಗೆ ನಿಂತು ಇದೇ ಪದ ಹಾಡಿದರಂತೆ, ಕೇಳಿದವರು ಕರಗಿ ಒಳಗೆ ಕರೆದರಂತೆ. ಕನಕನ ಕಿಂಡಿಯ ಕತೆ ಕೇಳಿ ಬೆಳೆದ ನಮಗೆ ಇದು ಬೇಗ ಹಿಡಿಸುತ್ತದೆ. ನನಗೆ ಮಾತ್ರ ಈ ಕತೆಯ ಬಗ್ಗೆ ಒಂದು ತಕರಾರಿದೆ. ಇದು ಹಿಗ್ಗಿನ್ಸರ ಕನ್ನಡವನ್ನು ಪವಾಡ ಮಾಡಿಬಿಡುತ್ತದೆ. ಅದು ಪವಾಡವಲ್ಲ, ಗುರುವಿನ ಎದುರು ಕುಳಿತು ವರ್ಷಗಟ್ಟಲೆ ಮಾಡಿದ ಸಾಧನೆ. ಪವಾಡವೆಂದು ಕೈಮುಗಿದರೆ ನಾವು ಕಲಿಯಬೇಕಾದ್ದು ಏನೂ ಉಳಿಯುವುದಿಲ್ಲ.

ಈ ಮಾತು ನನಗೆ ತಟ್ಟಿದ್ದು ಮನೆಯಲ್ಲಿ. ಒಂದು ನವರಾತ್ರಿಗೆ ತಂಗಿಯ ಮಗಳು ಇದೇ ದೇವರನಾಮ ಹಾಡಿದಳು. ಮುಂದಿಟ್ಟ ಪುಸ್ತಕದಲ್ಲಿ ಸಾಹಿತ್ಯವಿದ್ದದ್ದು ಮಲಯಾಳ ಲಿಪಿಯಲ್ಲಿ. “ಮಾವ, ಉಚ್ಚಾರ ಸರಿ ಉಂಟಾ?” ಎಂದು ಕೇಳಿದಳು. ನಾನು ಉಚ್ಚಾರ ಕೇಳಿಸಿಕೊಂಡೇ ಇರಲಿಲ್ಲ. ಲಿಪಿಯನ್ನು ನೋಡಿ ನೊಂದುಕೊಂಡಿದ್ದೆ. “ಕನ್ನಡದ ಮನೆಯಲ್ಲಿ ಹುಟ್ಟಿ ಹೀಗೆ ಬರೆಯುವುದಾ?” ಎಂದುಬಿಟ್ಟೆ. ಅವಳು ಪುಸ್ತಕ ಮಡಚಿ ಎದ್ದು ಹೋದಳು.

ತಪ್ಪು ನನ್ನದೇ. ಕನ್ನಡದ ದೀರ್ಘ, ಮಹಾಪ್ರಾಣ, ಳಕಾರ ಎಲ್ಲವನ್ನೂ ಮಲಯಾಳ ಲಿಪಿ ಹಿಡಿಯಬಲ್ಲದು. ತಿರುವನಂತಪುರದ ಸ್ವಾತಿ ತಿರುನಾಳ್ ಮಹಾರಾಜರು ಕನ್ನಡದಲ್ಲೂ ಪದ ರಚಿಸಿದವರು. 1956ರ ನವೆಂಬರ್ 1ರಿಂದ ನಾವು ಕೇರಳದವರಾದೆವು. ಮಕ್ಕಳು ಮಲಯಾಳ ಓದುವುದು ಅವರ ಅಪರಾಧವಲ್ಲ. ಕನ್ನಡ ರಕ್ತದಲ್ಲಿಯೇ ಬರುತ್ತದೆಂದು ನಂಬಿ ಕಲಿಸದೆ ಕುಳಿತದ್ದು ಹಿರಿಯರಾದ ನಮ್ಮ ಸೋಮಾರಿತನ. ನಾವೂ ಒಂದು ಪವಾಡವನ್ನೇ ಕಾಯುತ್ತಿದ್ದೆವು.

ಆಂಡೋವರಿನ ಹುಡುಗನಿಗೆ ರಕ್ತದಲ್ಲಿ ಒಂದಕ್ಷರ ಕನ್ನಡವೂ ಬಂದಿರಲಿಲ್ಲ. ಅವನಿಗೆ ಸಿಕ್ಕಿದ್ದು ಎದುರು ಕುಳಿತು ಹೇಳಿಕೊಡುವ ಗುರು. ಮರುವಾರ ನಾನು ತಂಗಿಯ ಮನೆಗೆ ಹೋಗಿ, ಹುಡುಗಿಯನ್ನು ಕರೆದು, ಹಿಗ್ಗಿನ್ಸರ ಹಾಡು ಕೇಳಿಸಿದೆ. ಬಳಿಕ ಅವಳ ಪುಸ್ತಕದಲ್ಲಿ, ಅವಳು ಬರೆದ ಸಾಲುಗಳ ಕೆಳಗೆ, ಒಂದೊಂದೇ ಅಕ್ಷರ ಕನ್ನಡದಲ್ಲಿ ಬರೆಯಲು ಹೇಳಿಕೊಟ್ಟೆ. ಈಗ ಆ ಪುಟದಲ್ಲಿ ಎರಡೂ ಲಿಪಿಗಳಿವೆ, ಈ ವಾರ್ಷಿಕದಲ್ಲಿ ಇರುವ ಹಾಗೆ.