ಖಾಲಿ ಜಾಗವನ್ನು ನೋಡುವ ಕಣ್ಣು

ಸಿನಿಮಾ ಮುಗಿಸಿ ಹೊರಗೆ ಬರುವಾಗ ನಾವು ಕೊಡುವ ತೀರ್ಪು ಸಾಮಾನ್ಯವಾಗಿ ಎರಡೇ ಬಗೆಯದು. ಒಂದೋ ‘ಗ್ರಾಫಿಕ್ಸ್ ಸಖತ್ತಾಗಿದೆ’, ಇಲ್ಲವೇ ‘ಗ್ರಾಫಿಕ್ಸ್ ಡಬ್ಬಾ’. ಎರಡೂ ಮಾತುಗಳಲ್ಲಿ ಗ್ರಾಫಿಕ್ಸ್ ಎನ್ನುವುದು ಅಡುಗೆ ಮುಗಿದ ಮೇಲೆ ಹಾಕಿದ ಒಗ್ಗರಣೆ. ಕಥೆ, ನಟನೆಗಳ ಹಂಗಿಲ್ಲದೆ ಅದನ್ನೊಂದನ್ನೇ ಬೇರೆ ತೂಗಬಹುದು. ವಿಷುವಲ್ ಎಫೆಕ್ಟ್ಸ್‌ನಿಂದ ಸಿನಿಮಾ ಬೆಳೆಯಿತೋ ಕೆಟ್ಟಿತೋ ಎಂಬ ಚರ್ಚೆಯೂ ಇದೇ ತಕ್ಕಡಿ ಹಿಡಿದು ನಡೆಯುತ್ತದೆ. ನಾನು ಬೇರೊಂದು ಪ್ರಶ್ನೆ ಇಟ್ಟುಕೊಂಡು ನೋಡಲು ಬಯಸುತ್ತೇನೆ: ಇಲ್ಲದ್ದನ್ನು ಇದೆಯೆಂದು ನಾವು ನಂಬುವುದು ಯಾರನ್ನು ನೋಡಿ?

ಕಂಪ್ಯೂಟರ್ ಇಲ್ಲದ ಕಾಲದ ಒಂದು ಚಿತ್ರದಿಂದ ಶುರು ಮಾಡೋಣ. 1977ರಲ್ಲಿ ಬಂದ ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ದಲ್ಲಿ ಅರ್ಜುನನೂ ರಾಜಕುಮಾರ್, ಬಭ್ರುವಾಹನನೂ ರಾಜಕುಮಾರ್. ಅಪ್ಪ ಮಗ ಎದುರುಬದುರು ನಿಂತು ಹಾಡಿನಲ್ಲೇ ಒಬ್ಬರನ್ನೊಬ್ಬರು ಕೆಣಕುವ ಸನ್ನಿವೇಶ ಇವತ್ತಿಗೂ ಮದುವೆ ಮನೆಯ ಆರ್ಕೆಸ್ಟ್ರಾಗಳಲ್ಲಿ ಬದುಕಿದೆ. ಆ ದಿನಗಳಲ್ಲಿ ದ್ವಿಪಾತ್ರವನ್ನು ಒಂದೇ ಚೌಕಟ್ಟಿನಲ್ಲಿ ತೋರಿಸುತ್ತಿದ್ದ ಬಗೆ ಸರಳ: ಲೆನ್ಸಿನ ಅರ್ಧ ಭಾಗ ಮುಚ್ಚಿ ಒಂದು ಪಾತ್ರವನ್ನು ಚಿತ್ರಿಸುವುದು, ರೀಲನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ, ಇನ್ನೊಂದನ್ನು ಚಿತ್ರಿಸುವುದು. ಕ್ಯಾಮೆರಾ ಒಂದಿಷ್ಟು ಅಲುಗಿದರೂ ಕೆಲಸ ಕೆಟ್ಟಿತು. ಇಂಥ ಚಿತ್ರಗಳನ್ನು ಈಗ ನೋಡಿದರೆ ನಡುವಿನ ಗೆರೆ ಎಲ್ಲಿರಬೇಕೆಂದು ಊಹಿಸುವುದು ಕಷ್ಟವಲ್ಲ. ಆದರೂ ನಾವು ಗೆರೆ ಹುಡುಕುತ್ತ ಕೂರುವುದಿಲ್ಲ. ಯಾಕೆಂದರೆ ಅರ್ಜುನ ತುಚ್ಛವಾಗಿ ನೋಡಿದ ಕಡೆಗೆ ನಮ್ಮ ಕಣ್ಣೂ ಹೋಗುತ್ತದೆ. ಅಲ್ಲಿ ಯಾರೂ ಇಲ್ಲದಿದ್ದಾಗಲೂ ರಾಜಕುಮಾರ್ ಅಲ್ಲೊಬ್ಬ ಮಗನನ್ನು ನಿಲ್ಲಿಸಿದ್ದಾರೆ. ತಂತ್ರಜ್ಞರು ಮಾಡಿದ್ದು, ಆ ನೋಟ ಆಗಲೇ ತೆರೆದಿಟ್ಟ ಜಾಗವನ್ನು ತುಂಬಿದ್ದು.

ಇದನ್ನೇ ಮೂವತ್ತೈದು ವರ್ಷಗಳ ಬಳಿಕ ಮತ್ತೆ ಕಂಡದ್ದು ಎಸ್.ಎಸ್. ರಾಜಮೌಳಿಯವರ ‘ಈಗ’ದಲ್ಲಿ. 2012ರಲ್ಲಿ ತೆಲುಗು, ತಮಿಳುಗಳಲ್ಲಿ ಬಂದ ಚಿತ್ರ. ಕನ್ನಡಕ್ಕೆ ಡಬ್ಬಿಂಗ್ ಇಲ್ಲದ ಕಾಲ ಅದು. ಹೈದರಾಬಾದ್, ಚೆನ್ನೈಗಳಲ್ಲಿದ್ದ ನಮ್ಮವರು ಅಲ್ಲಿಯ ಪ್ರೇಕ್ಷಕರ ನಡುವೆ ಕೂತು ‘ಇವನು ನಮ್ಮ ಸುದೀಪ್’ ಎಂದು ಬೀಗಿದರು. ಬೀಗಲು ನಿಜವಾದ ಕಾರಣವೂ ಇತ್ತು. ಕೊಲೆಯಾದ ಹುಡುಗ ನೊಣವಾಗಿ ಹುಟ್ಟಿ ಸೇಡು ತೀರಿಸಿಕೊಳ್ಳುವ ಕಥೆಯಲ್ಲಿ ನಾಯಕನಿಗೆ ಮಾತಿಲ್ಲ, ನಗಲು ಅಳಲು ಮನುಷ್ಯರ ಮುಖವೂ ಇಲ್ಲ. ಹೈದರಾಬಾದಿನ ಮಕುಟ ಸಂಸ್ಥೆ ರೂಪಿಸಿದ ಆ ನೊಣಕ್ಕೆ ರಾಷ್ಟ್ರಪ್ರಶಸ್ತಿ ಸಿಕ್ಕಿತು, ಸಿಗಬೇಕಾದದ್ದೇ. ಆದರೆ ಅದಕ್ಕೆ ಜೀವ ಬಂದದ್ದು ಅರ್ಧ ಕಂಪ್ಯೂಟರಿನಲ್ಲಿ, ಇನ್ನರ್ಧ ಸುದೀಪ್ ಮುಖದಲ್ಲಿ. ಹಬೆ ಪೆಟ್ಟಿಗೆಯೊಳಗೆ ಮೈ ಸಿಕ್ಕಿಕೊಂಡು, ತಲೆಯೊಂದೇ ಹೊರಗಿರುವ ಆ ದೃಶ್ಯ ನೆನಪಿಸಿಕೊಳ್ಳಿ. ನೊಣ ಮುಖದ ಸುತ್ತ ಸುಳಿಯುತ್ತದೆ, ಕೈ ಎತ್ತಿ ಓಡಿಸುವಂತಿಲ್ಲ. ಸುದೀಪ್ ಎದುರು ಚಿತ್ರೀಕರಣದ ಹೊತ್ತಿನಲ್ಲಿ ಇದ್ದದ್ದು ಬರೀ ಗಾಳಿ. ಆ ಗಾಳಿಯನ್ನು ಅವರು ಮೊದಲು ಅಸಡ್ಡೆಯಿಂದ, ಆಮೇಲೆ ಕಿರಿಕಿರಿಯಿಂದ, ಕೊನೆಗೆ ಪ್ರಾಣಭಯದಿಂದ ನೋಡುತ್ತಾರೆ. ಅವರು ಹೆದರಿದಷ್ಟೂ ನೊಣ ದೊಡ್ಡದಾಗುತ್ತದೆ.

‘ಲೈಫ್ ಆಫ್ ಪೈ’ಯಲ್ಲೂ ಅಷ್ಟೇ. ಬಹುಪಾಲು ದೃಶ್ಯಗಳಲ್ಲಿ ಹುಲಿ ಕಂಪ್ಯೂಟರಿನದು, ಅದರ ಭಾರವನ್ನು ದೋಣಿಯಲ್ಲಿ ಹೊತ್ತದ್ದು ಸೂರಜ್ ಶರ್ಮ ಎಂಬ ಹೊಸ ಹುಡುಗನ ಕಣ್ಣು.

ಈಗ ಎದುರು ಬದಿಯ ಉದಾಹರಣೆ. ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು. 2016ರಲ್ಲಿ ಕೋಡಿ ರಾಮಕೃಷ್ಣ ನಿರ್ದೇಶನದ ‘ನಾಗರಹಾವು’ ಅವರನ್ನು ಮತ್ತೆ ತೆರೆಗೆ ತಂದಿತು. ಬೇರೊಬ್ಬರ ದೇಹ, ಅದರ ಮೇಲೆ ಕಂಪ್ಯೂಟರಿನಲ್ಲಿ ಕಟ್ಟಿದ ವಿಷ್ಣು ತಲೆ. ಅಭಿಮಾನಿಗಳು ಶಿಳ್ಳೆ ಹೊಡೆದರು. ಆ ಪ್ರೀತಿಯನ್ನು ಗೇಲಿ ಮಾಡುವ ಮನಸ್ಸು ನನಗಿಲ್ಲ. ಪರವೂರಿನಲ್ಲಿ ಕನ್ನಡ ಚಿತ್ರಕ್ಕೆ ಒಂದು ಭಾನುವಾರದ ಬೆಳಗಿನ ಆಟ ಸಿಕ್ಕರೆ ಹಬ್ಬ ಮಾಡುವ ನಮಗೆ ಆ ಶಿಳ್ಳೆಯ ಬೆಲೆ ಗೊತ್ತು. ತಂತ್ರಜ್ಞರ ಶ್ರಮವೂ ಕಡಿಮೆಯದಲ್ಲ. ಆದರೆ ಆ ಹೆಸರೇ ನಮ್ಮನ್ನು ಹೋಲಿಕೆಗೆ ಎಳೆಯುತ್ತದೆ. 1972ರ ಪುಟ್ಟಣ್ಣನವರ ‘ನಾಗರಹಾವು’ನಲ್ಲಿ ರಾಮಾಚಾರಿ ಊರಿಗೆಲ್ಲ ಸಿಡಿಯುವವನು, ಚಾಮಯ್ಯ ಮೇಷ್ಟ್ರ ಮುಂದೆ ಮಾತ್ರ ಕರಗುವವನು. ಅಶ್ವತ್ಥ್ ಅವರ ಮುಖ ನೋಡಿದಾಗ ಆ ಹುಡುಗನ ಕಣ್ಣಿನಲ್ಲಿ ಏನೋ ಬದಲಾಗುತ್ತದೆ. 2016ರ ಮುಖದಲ್ಲಿ ಮೂಗು, ಮೀಸೆ, ಗದ್ದ ಎಲ್ಲವೂ ಇದ್ದಲ್ಲೇ ಇವೆ. ಆದರೆ ಅದು ಯಾರನ್ನೂ ನೋಡುತ್ತಿಲ್ಲ. ನಾವು ಅದನ್ನು ನೋಡುತ್ತಿದ್ದೇವೆ, ಅಷ್ಟೇ.

‘ತಂತ್ರಜ್ಞಾನ ಇನ್ನೂ ಪಳಗಿರಲಿಲ್ಲ, ಈಗಾದರೆ ಸರಿಯಾಗಿ ಬರುತ್ತಿತ್ತು’ ಎನ್ನಬಹುದು. ಚರ್ಮ, ಬೆಳಕು, ತುಟಿಯ ಚಲನೆ ಖಂಡಿತ ಸುಧಾರಿಸುತ್ತವೆ. ನನ್ನ ತಕರಾರು ಅದಲ್ಲ. ಒಂದು ಸಾಲನ್ನು ಹೇಗೆ ಹೇಳಬೇಕು, ಎಲ್ಲಿ ತಡೆಯಬೇಕು, ಯಾವ ದೃಶ್ಯವನ್ನು ಒಲ್ಲೆ ಎನ್ನಬೇಕು ಎಂಬ ತೀರ್ಮಾನಗಳ ಮೊತ್ತವನ್ನೇ ನಟನೆ ಎನ್ನುತ್ತೇವೆ. ತೀರಿಕೊಂಡವರು ಒಲ್ಲೆ ಎನ್ನಲಾರರು. ಇನ್ನು ಆ ತಲೆಯ ಕೆಳಗೆ ನಡೆದಾಡಿದ, ಕೈ ಬೀಸಿದ ಕಲಾವಿದರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಒಬ್ಬರ ಮುಖ ಅವರ ಒಪ್ಪಿಗೆಯಿಲ್ಲದೆ ಬಂತು, ಇನ್ನೊಬ್ಬರ ದೇಹ ಮುಖವಿಲ್ಲದೆ ಬಂತು. ಇಬ್ಬರೂ ಅಲ್ಲಿ ಪೂರ್ತಿಯಾಗಿ ಇರಲಿಲ್ಲ.

‘ಜೇಮ್ಸ್’ ಇದಕ್ಕಿಂತ ತೊಡಕಿನ ಉದಾಹರಣೆ. ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ಹೋದಾಗ ಚಿತ್ರದ ಡಬ್ಬಿಂಗ್ ಆಗಿರಲಿಲ್ಲ. ಅವರ ಹುಟ್ಟುಹಬ್ಬವಾದ 2022ರ ಮಾರ್ಚ್ 17ರಂದು ಬಿಡುಗಡೆಯಾದಾಗ ಅಪ್ಪುವಿನ ತುಟಿಗೆ ಶಿವಣ್ಣ ದನಿ ಕೊಟ್ಟಿದ್ದರು. ಕೆಲವು ವಾರಗಳ ನಂತರ, ತಂತ್ರಜ್ಞಾನದ ನೆರವಿನಿಂದ ಪುನೀತ್ ದನಿಯನ್ನೇ ಅಳವಡಿಸಿದ ಆವೃತ್ತಿಯೂ ಬಂತು. ಎರಡನೆಯದು ಹೆಚ್ಚು ‘ಸರಿ’ ಎಂದು ಕಿವಿ ಒಪ್ಪಬಹುದು. ನನಗೆ ಮೊದಲನೆಯದೇ ಹೆಚ್ಚು ನಿಜ. ಅಲ್ಲಿ ದನಿ ಹೊಂದುವುದಿಲ್ಲ, ಹೊಂದುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆ ಬಿರುಕಿನಲ್ಲಿ ತಮ್ಮನನ್ನು ಕಳೆದುಕೊಂಡ ಅಣ್ಣನೊಬ್ಬ ಮೈಕಿನ ಮುಂದೆ ನಿಂತಿದ್ದ. ಪರದೆಯ ಮೇಲಿನ ತಮ್ಮನನ್ನು ನೋಡುತ್ತ ಮಾತಾಡಿದ್ದ. ಅದೂ ಒಂದು ನೋಟ. ತಂತ್ರಜ್ಞಾನ ಆ ಬಿರುಕನ್ನು ಮುಚ್ಚಿದಾಗ ಅಣ್ಣನೂ ಚಿತ್ರದಿಂದ ಹೊರಟುಹೋದ.

ಹಾಗೆಂದು ಎಫೆಕ್ಟ್ಸ್ ಅಂದರೆ ಸಾಕು ಮೂಗು ಮುರಿಯುವ ಹಿರಿಯರ ಪಾಳಿಗೂ ನಾನು ಸೇರಲಾರೆ. ಈ ಕೆಲಸದ ದೊಡ್ಡ ಪಾಲು ಕಣ್ಣಿಗೆ ಬೀಳುವುದೇ ಇಲ್ಲ. ಹೊಡೆದಾಟದಲ್ಲಿ ಕಟ್ಟಿದ ಹಗ್ಗ ಅಳಿಸುವುದು, ಹಳೆಯ ಕಾಲದ ಬೀದಿಯಿಂದ ಮೊಬೈಲ್ ಟವರ್ ತೆಗೆಯುವುದು, ನಟನ ಅಂಚನ್ನು ಫ್ರೇಮಿನಿಂದ ಫ್ರೇಮಿಗೆ ಕತ್ತರಿಸುವುದು. ಮುಂಬೈ, ಹೈದರಾಬಾದ್, ಚೆನ್ನೈ, ಬೆಂಗಳೂರುಗಳಲ್ಲಿ ಸಾವಿರಾರು ಹುಡುಗ ಹುಡುಗಿಯರು ರಾತ್ರಿ ಪಾಳಿಯಲ್ಲಿ ಮಾಡುವುದು ಇದನ್ನೇ. ಕೆಲಸ ಚೆನ್ನಾಗಿದ್ದರೆ ಅವರು ಕಾಣರು, ಕೆಟ್ಟರೆ ಬೈಗುಳ ಅವರಿಗೆ. ‘ಲೈಫ್ ಆಫ್ ಪೈ’ಗಾಗಿ ಆಸ್ಕರ್ ಗೆದ್ದ ರಿದಮ್ ಅಂಡ್ ಹ್ಯೂಸ್ ಸಂಸ್ಥೆಗೆ ಮುಂಬೈ, ಹೈದರಾಬಾದ್‌ಗಳಲ್ಲೂ ಶಾಖೆಗಳಿದ್ದವು. 2013ರ ಫೆಬ್ರುವರಿಯಲ್ಲಿ, ಆ ಪ್ರಶಸ್ತಿ ಪಡೆಯುವ ಕೆಲವೇ ದಿನ ಮೊದಲು ಅದು ದಿವಾಳಿ ಅರ್ಜಿ ಹಾಕಿತ್ತು. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಕುಸಿದಾಗ ಬೆಂಗಳೂರಿನಲ್ಲೂ ಜನ ಕೆಲಸ ಕಳೆದುಕೊಂಡರು. ‘ಗ್ರಾಫಿಕ್ಸ್ ಡಬ್ಬಾ’ ಎನ್ನುವಾಗ, ಅಂಥದೊಂದು ದೃಶ್ಯ ಬೇಕೆಂದು ತೀರ್ಮಾನಿಸಿದವರನ್ನು ಬಿಟ್ಟು ಅದನ್ನು ಕೊನೆಗೆ ಮುಟ್ಟಿದ ಕೈಯನ್ನು ನಾವು ದೂರುತ್ತಿರುತ್ತೇವೆ.

ಇಲ್ಲದ ನಟರನ್ನು ಕರೆತರುವ ಆಸೆ ಇನ್ನು ಹೆಚ್ಚುತ್ತದೆ. ಈಗಿನ ಎಐ ಸಾಧನಗಳು ಅದನ್ನು ಅಗ್ಗವಾಗಿಸುತ್ತಿವೆ. ನಾಳೆ ರಾಜಕುಮಾರ್ ಹೊಸ ಪೌರಾಣಿಕವೊಂದರಲ್ಲಿ ಕಿರೀಟ ತೊಟ್ಟು ಬಂದರೆ ಆಶ್ಚರ್ಯವಿಲ್ಲ, ಗೆರೆಯೂ ಎಲ್ಲೂ ಕಾಣದು. ಆಗ ಗ್ರಾಫಿಕ್ಸ್ ಹೇಗಿದೆ ಎಂದು ಕೇಳಿ ಪ್ರಯೋಜನವಿಲ್ಲ, ಅದು ಚೆನ್ನಾಗಿಯೇ ಇರುತ್ತದೆ. ಇಲ್ಲಿ ಯಾರು ನಟಿಸಿದರು ಎಂದು ಕೇಳಬೇಕು. ಆ ಪ್ರಶ್ನೆಗೆ ಒಂದು ಹೆಸರು ಉತ್ತರವಾಗಿ ಬರದಿದ್ದರೆ, ಎಷ್ಟೇ ಕೋಟಿ ಸುರಿದಿದ್ದರೂ, ಅದು ಸಿನಿಮಾಕ್ಕೆ ಆದ ನಷ್ಟವೇ.